ಸರ್ವರ್‌ನಿಂದ ಬಂದ ಉತ್ತರವನ್ನು ಆಂಡ್ರಾಯ್ಡ್ ಆಪ್‌ನಲ್ಲಿ ನಿಭಾಯಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ಆಫೀಸಿನ ವೈಫೈನಲ್ಲಿ ಚೆನ್ನಾಗಿ ಓಡಿದ ಆಪ್ ಹೊಸನಗರ ಕಡೆಯ ಹಳ್ಳಿಯೊಂದಕ್ಕೆ ಹೋದ ಕೂಡಲೇ ಬಿಳಿ ಪರದೆ ತೋರಿಸಿ ನಿಲ್ಲುತ್ತದೆ, ಇಲ್ಲವೇ ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥ ಆಪ್‌ಗಳ ಕೋಡ್ ತೆರೆದರೆ ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು: ಸರ್ವರ್‌ನ ಉತ್ತರಕ್ಕೆ ಎರಡೇ ದಾರಿ ಇಟ್ಟಿರುತ್ತಾರೆ, ಬಂತು ಅಥವಾ ಬರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಕರೆ ಸರ್ವರ್ ತಲುಪಿತೇ? ಸರ್ವರ್ ಅದನ್ನು ಒಪ್ಪಿತೇ? ಕಳಿಸಿದ್ದನ್ನು ಓದಲು ಆಯಿತೇ? ಓದಿದ್ದರಲ್ಲಿ ತೋರಿಸುವಂಥದ್ದು ಏನಾದರೂ ಇದೆಯೇ? ಇದೇ ಕ್ರಮದಲ್ಲಿ ಕೇಳಬೇಕು. ಕ್ರಮ ತಪ್ಪಿದರೆ ಸರ್ವರ್ ಕೆಟ್ಟಾಗ ‘ಇಂಟರ್ನೆಟ್ ಇಲ್ಲ’ ಎಂದೂ, ಇಂಟರ್ನೆಟ್ ಇಲ್ಲದಾಗ ‘ಮತ್ತೆ ಲಾಗಿನ್ ಆಗಿ’ ಎಂದೂ ಆಪ್ ಹೇಳುತ್ತದೆ.

ಉದಾಹರಣೆಗೆ ಅಡಿಕೆ ಧಾರಣೆಯ ಆಪ್ ಇಟ್ಟುಕೊಳ್ಳೋಣ. ರಾಶಿ, ಬೆಟ್ಟೆ, ಸರಕು, ಗೊರಬಲು, ಪ್ರತಿ ಬಗೆಗೂ ಆ ದಿನದ ಕನಿಷ್ಠ ಮತ್ತು ಗರಿಷ್ಠ ಬೆಲೆಯನ್ನು ಕ್ವಿಂಟಾಲ್ ಲೆಕ್ಕದಲ್ಲಿ ಸರ್ವರ್ ಕೊಡುತ್ತದೆ. ಬೆಳೆಗಾರರು ತಾವು ತರುವ ಮಾಲನ್ನು ಆಪ್‌ನಲ್ಲೇ ನೋಂದಾಯಿಸಬಹುದು. ಮೊದಲನೆಯದು ಗೆಟ್ ಕರೆ (ಮಾಹಿತಿ ಕೇಳುವುದು), ಎರಡನೆಯದು ಪೋಸ್ಟ್ ಕರೆ (ಮಾಹಿತಿ ಕಳಿಸುವುದು).

ಬೇಕಾಗುವ ಸಲಕರಣೆ

ಆಂಡ್ರಾಯ್ಡ್ ಸ್ಟುಡಿಯೊ, ಕಾಟ್ಲಿನ್ ಭಾಷೆ, ಸರ್ವರ್‌ಗೆ ಕರೆ ಮಾಡುವ ಲೈಬ್ರರಿ ಓಕೆಎಚ್‌ಟಿಟಿಪಿ, ಅದರ ಮೇಲೆ ಕುಳಿತು ಕರೆಯನ್ನು ಸುಲಭವಾಗಿಸುವ ರೆಟ್ರೋಫಿಟ್. ರೆಟ್ರೋಫಿಟ್‌ನಲ್ಲಿ ಸಸ್ಪೆಂಡ್ ಫಂಕ್ಷನ್‌ಗೆ (ಪರದೆಯನ್ನು ತಡೆಹಿಡಿಯದೆ ಉತ್ತರಕ್ಕೆ ಕಾಯುವ ಕಾಟ್ಲಿನ್ ಫಂಕ್ಷನ್) ನೇರ ಬೆಂಬಲ ಬಂದದ್ದು 2.6.0 ಆವೃತ್ತಿಯಿಂದ, ಅದಕ್ಕಿಂತ ಹಳೆಯದಿದ್ದರೆ ಮೊದಲು ಅಪ್‌ಡೇಟ್ ಮಾಡಿಕೊಳ್ಳಿ. ಸರ್ವರ್ ಮಾಹಿತಿ ಕಳಿಸುವ ಪಠ್ಯರೂಪವಾದ ಜೇಸನ್ ಓದಲು ಕಾಟ್ಲಿನ್‌ಎಕ್ಸ್ ಸೀರಿಯಲೈಸೇಶನ್, ಫೋನಿನಲ್ಲಿ ಮಾಹಿತಿ ಉಳಿಸಲು ರೂಮ್, ಪರೀಕ್ಷೆಗೆ ನಕಲಿ ಸರ್ವರ್ ಆಗುವ ಮಾಕ್‌ವೆಬ್‌ಸರ್ವರ್, ಟರ್ಮಿನಲ್‌ನಿಂದ ಕರೆ ಮಾಡಲು ಕರ್ಲ್. ಇವುಗಳ ಜೊತೆಗೆ ಕಡಿಮೆ ಬೆಲೆಯ ಒಂದು ನಿಜವಾದ ಫೋನ್ ಬೇಕೇ ಬೇಕು. ಎಮ್ಯುಲೇಟರ್ ಒಂದನ್ನೇ ನಂಬಿ ಮಲೆನಾಡಿಗೆ ಆಪ್ ಬಿಡಬಾರದು.

ಹಂತ 1: ಕೋಡ್ ಬರೆಯುವ ಮೊದಲು ಉತ್ತರವನ್ನು ಕಣ್ಣಾರೆ ನೋಡಿ

ಕರ್ಲ್ ಬಳಸಿ, ಹೆಡರ್‌ಗಳೂ (ಉತ್ತರದ ಜೊತೆ ಬರುವ ವಿವರದ ಸಾಲುಗಳು) ಕಾಣುವಂತೆ, ಪ್ರತಿ ಕರೆಯನ್ನೂ ಕೈಯಾರೆ ಮಾಡಿ. ಎಪಿಐ ದಾಖಲೆಯಲ್ಲಿ ಬರೆದದ್ದಕ್ಕೂ ಸರ್ವರ್ ಕಳಿಸುವುದಕ್ಕೂ ವ್ಯತ್ಯಾಸ ಇರುತ್ತದೆ, ಅದು ತಿಳಿಯುವುದು ಇಲ್ಲೇ.

ಕನಿಷ್ಠ ಐದು ಸಂದರ್ಭದ ಉತ್ತರ ಸಂಗ್ರಹಿಸಿ: ವ್ಯಾಪಾರ ನಡೆದ ದಿನ, ಮಾರುಕಟ್ಟೆಗೆ ರಜೆ ಇದ್ದ ದಿನ, ಇಲ್ಲದ ಬಗೆಯ ಹೆಸರು ಕೊಟ್ಟಾಗ, ಅವಧಿ ಮುಗಿದ ಟೋಕನ್ (ಲಾಗಿನ್ ಆದವರ ಗುರುತಿನ ಸಂಕೇತ) ಕಳಿಸಿದಾಗ, ಸರ್ವರ್‌ನ ಡೇಟಾಬೇಸ್ ನಿಲ್ಲಿಸಿದಾಗ. ಒಂದೊಂದನ್ನೂ ಫೈಲ್ ಆಗಿ ಉಳಿಸಿ, ಕೊನೆಯ ಹಂತದ ಪರೀಕ್ಷೆಗೆ ಇವೇ ಸಾಮಗ್ರಿ.

ರಜೆ ದಿನದ ಉತ್ತರವನ್ನು ವಿಶೇಷವಾಗಿ ನೋಡಿ. ಕೆಲವು ಸರ್ವರ್ ಖಾಲಿ ಪಟ್ಟಿ ಕಳಿಸುತ್ತದೆ, ಕೆಲವು 204 ಕೋಡ್ (ಕಳಿಸಲು ಏನೂ ಇಲ್ಲ), ಕೆಲವು 404 (ಸಿಗಲಿಲ್ಲ), ಇನ್ನು ಕೆಲವು ಬೆಲೆಯ ಜಾಗದಲ್ಲಿ ಸೊನ್ನೆ. ಸೊನ್ನೆಯನ್ನು ಹಾಗೇ ತೋರಿಸಿದರೆ ರಾಶಿ ಅಡಿಕೆಯ ಬೆಲೆ ಬಿದ್ದು ಹೋಗಿದೆ ಎಂದು ಓದುವವರು ತಿಳಿಯುತ್ತಾರೆ.

ಹಂತ 2: ದಾರಿ ಸರಿಪಡಿಸಿಕೊಳ್ಳಿ

ಮ್ಯಾನಿಫೆಸ್ಟ್‌ನಲ್ಲಿ ಇಂಟರ್ನೆಟ್ ಅನುಮತಿ ಇಲ್ಲದಿದ್ದರೆ ಸೆಕ್ಯೂರಿಟಿ ಎಕ್ಸೆಪ್ಶನ್ (ಎಕ್ಸೆಪ್ಶನ್ ಎಂದರೆ ಕೋಡ್ ಓಡುವಾಗ ಎದ್ದು, ಹಿಡಿಯದಿದ್ದರೆ ಆಪ್ ಬೀಳಿಸುವ ದೋಷ) ಬರುತ್ತದೆ. ಆಂಡ್ರಾಯ್ಡ್ 9ರಿಂದ ಈಚೆಗೆ ಎಚ್‌ಟಿಟಿಪಿಎಸ್ ಅಲ್ಲದ ವಿಳಾಸಕ್ಕೆ ಕರೆ ಪೂರ್ವನಿಯೋಜಿತವಾಗಿ ನಿಷೇಧ. ಪರೀಕ್ಷೆಗೆಂದು ಬೇಕಾದರೆ ನೆಟ್‌ವರ್ಕ್ ಸೆಕ್ಯೂರಿಟಿ ಕಾನ್ಫಿಗ್‌ನಲ್ಲಿ ಆ ಒಂದು ವಿಳಾಸಕ್ಕೆ, ಅದೂ ಡೀಬಗ್ ಬಿಲ್ಡ್‌ಗೆ ಮಾತ್ರ ಅವಕಾಶ ಕೊಡಿ. ಇಡೀ ಆಪ್‌ಗೆ ತೆರೆಯಬೇಡಿ.

ನಿಮ್ಮ ಲ್ಯಾಪ್‌ಟಾಪಿನ ಸರ್ವರ್ ಅನ್ನು ಎಮ್ಯುಲೇಟರ್‌ನಿಂದ ತಲುಪಲು 10.0.2.2 ವಿಳಾಸ ಬಳಸಿ. ಲೋಕಲ್‌ಹೋಸ್ಟ್ ಎಂದು ಬರೆದರೆ ಎಮ್ಯುಲೇಟರ್ ತನ್ನೊಳಗೇ ಹುಡುಕುತ್ತದೆ. ಯುಎಸ್‌ಬಿಯಲ್ಲಿ ಜೋಡಿಸಿದ ಫೋನಿಗೆ ಎಡಿಬಿ ರಿವರ್ಸ್ ಸಾಕು.

ರೆಟ್ರೋಫಿಟ್‌ನ ಬೇಸ್ ಯುಆರ್‌ಎಲ್ ಸ್ಲ್ಯಾಶ್‌ನಿಂದ ಮುಗಿಯಬೇಕು, ಕರೆಯ ದಾರಿ ಸ್ಲ್ಯಾಶ್‌ನಿಂದ ಶುರುವಾಗಬಾರದು. ಶುರುವಾದರೆ ಬೇಸ್‌ನಲ್ಲಿದ್ದ ಆವೃತ್ತಿಯ ಭಾಗ ಅಳಿಸಿಹೋಗಿ 404 ಬರುತ್ತದೆ. ಕರ್ಲ್‌ನಲ್ಲಿ 200, ಆಪ್‌ನಲ್ಲಿ 404 ಎಂದಾದರೆ ಮೊದಲು ಇದನ್ನೇ ನೋಡಿ.

ಕರೆ ಮತ್ತು ಉತ್ತರವನ್ನು ದಾಖಲಿಸುವ ಲಾಗಿಂಗ್ ಇಂಟರ್‌ಸೆಪ್ಟರ್ ಅನ್ನು ಡೀಬಗ್ ಬಿಲ್ಡ್‌ನಲ್ಲಿ ‘ಬಾಡಿ’ (ಒಳಗಿನ ಮಾಹಿತಿ) ಮಟ್ಟಕ್ಕೆ ಇಡಿ. ಆಥರೈಸೇಶನ್ ಹೆಡರ್ ಮರೆಮಾಚುವ ಆಯ್ಕೆ ಅದರಲ್ಲೇ ಇದೆ, ಬಳಸಿ. ರಿಲೀಸ್‌ನಲ್ಲಿ ಲಾಗಿಂಗ್ ಪೂರ್ತಿ ಬಂದ್.

ಹಂತ 3: ಕಾಲಮಿತಿ ನಿಗದಿ ಮಾಡಿ

ಓಕೆಎಚ್‌ಟಿಟಿಪಿಯಲ್ಲಿ ಸಂಪರ್ಕಿಸಲು, ಓದಲು, ಬರೆಯಲು ತಲಾ 10 ಸೆಕೆಂಡ್ ಎಂದು ಮೊದಲೇ ಇರುತ್ತದೆ. ಇಡೀ ಕರೆಗೆ ಮಾತ್ರ ಮಿತಿಯೇ ಇಲ್ಲ. ಓದುವ ಮಿತಿ ಎಂದರೆ ಎರಡು ತುಣುಕುಗಳ ನಡುವಿನ ಕಾಯುವಿಕೆ. ಗುಡ್ಡದ ಮರೆಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಎಂಟು ಸೆಕೆಂಡಿಗೊಮ್ಮೆ ಒಂದಿಷ್ಟು ಬೈಟ್ ಬರುತ್ತಿದ್ದರೆ ಆ ಮಿತಿ ಮೀರುವುದೇ ಇಲ್ಲ, ತಿರುಗುವ ಚಕ್ರ ತಿರುಗುತ್ತಲೇ ಇರುತ್ತದೆ.

ನಮ್ಮ ಕಡೆಗೆ ಹೊಂದುವ ಆರಂಭದ ಲೆಕ್ಕ: ಸಂಪರ್ಕಕ್ಕೆ 15, ಓದಲು 30, ಇಡೀ ಕರೆಗೆ 45 ಸೆಕೆಂಡ್. ಫೋಟೊ ಕಳಿಸುವ ಕರೆಗೆ ಬೇರೆ ಕ್ಲೈಂಟ್, ಬೇರೆ ಮಿತಿ. ಒಂದು ಸೂಕ್ಷ್ಮ ಇದೆ. ಓದುವ ಮಿತಿ ಮೀರಿದರೆ ಬರುವುದು ಸಾಕೆಟ್ ಟೈಮ್‌ಔಟ್ ಎಕ್ಸೆಪ್ಶನ್. ಇಡೀ ಕರೆಯ ಮಿತಿ ಮೀರಿದರೆ ಬರುವುದು ಅದರ ಮೇಲಿನ ವರ್ಗವಾದ ಇಂಟರಪ್ಟೆಡ್ ಐಒ ಎಕ್ಸೆಪ್ಶನ್. ಮೊದಲನೆಯದನ್ನಷ್ಟೇ ಹಿಡಿದರೆ ಎರಡನೆಯದು ತಪ್ಪಿಸಿಕೊಳ್ಳುತ್ತದೆ.

ಕರೆಗೂ ಮೊದಲು ‘ನೆಟ್ ಇದೆಯೇ’ ಎಂದು ಕನೆಕ್ಟಿವಿಟಿ ಮ್ಯಾನೇಜರ್ ಕೇಳಿ, ಇಲ್ಲ ಎಂದರೆ ಕರೆಯನ್ನೇ ಮಾಡದಿರುವ ಅಭ್ಯಾಸ ಬಿಡಿ. ಆ ಉತ್ತರ ಮರುಕ್ಷಣಕ್ಕೆ ಹಳತಾಗಿರಬಹುದು. ಕರೆ ಮಾಡಿ, ಸೋತರೆ ಸಂದೇಶ ಬರೆಯುವಾಗ ಅದನ್ನು ಕೇಳಿ.

ಹಂತ 4: ಫಲಿತಾಂಶದ ಬಗೆಗಳನ್ನು ಮೊದಲೇ ಹೆಸರಿಸಿ

ಒಂದು ಸೀಲ್ಡ್ ಇಂಟರ್‌ಫೇಸ್ (ಇರಬಹುದಾದ ಬಗೆಗಳನ್ನು ಮೊದಲೇ ಗೊತ್ತುಮಾಡುವ ಕಾಟ್ಲಿನ್ ವಿಧಾನ) ಬರೆದು ಅದರಲ್ಲಿ ಆರು ಬಗೆ ಇಡಿ: ಸಿಕ್ಕಿತು, ಖಾಲಿ, ನಿರಾಕರಣೆ, ಸರ್ವರ್ ತೊಂದರೆ, ತಲುಪಲಿಲ್ಲ, ಓದಲಾಗಲಿಲ್ಲ. ನಿರಾಕರಣೆಯ ಜೊತೆ ಸ್ಟೇಟಸ್ ಕೋಡ್ ಮತ್ತು ಸರ್ವರ್ ಕೊಟ್ಟ ಕಾರಣ ಇರಲಿ. ಪರದೆಗೆ ಮಾಹಿತಿ ಒದಗಿಸುವ ವ್ಯೂಮಾಡೆಲ್‌ಗೆ ಈ ಆರರಲ್ಲಿ ಒಂದು ಮಾತ್ರ ತಲುಪಬೇಕು. ರೆಟ್ರೋಫಿಟ್‌ನ ಯಾವ ವಸ್ತುವೂ, ಯಾವ ಎಕ್ಸೆಪ್ಶನ್ನೂ ರೆಪಾಸಿಟರಿ (ಮಾಹಿತಿ ತರುವ ಪದರ) ದಾಟಿ ಮೇಲೆ ಹೋಗಬಾರದು. ಕಾಟ್ಲಿನ್‌ನ ‘ವೆನ್’ ಬಳಸಿದರೆ ಒಂದು ಬಗೆ ಮರೆತಾಗ ಕಂಪೈಲರ್ ತಡೆದು ನಿಲ್ಲಿಸುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ರಕ್ಷಣೆ ಕೊಡುವ ಹೆಜ್ಜೆ ಈ ಇಡೀ ಕೆಲಸದಲ್ಲಿ ಬೇರೊಂದಿಲ್ಲ.

ಪ್ರತಿ ಪರದೆಯಲ್ಲೂ ಟ್ರೈ, ಕ್ಯಾಚ್ ಬರೆಯಬೇಡಿ. ಈ ವಿಂಗಡಣೆ ಮಾಡುವ ಫಂಕ್ಷನ್ ಇಡೀ ಆಪ್‌ಗೆ ಒಂದೇ ಇರಲಿ.

ಹಂತ 5: ಸ್ಟೇಟಸ್ ಕೋಡ್ ಓದಿ

ಓಕೆಎಚ್‌ಟಿಟಿಪಿಯನ್ನು ನೇರ ಬಳಸುವವರು ಇಲ್ಲೇ ಎಡವುತ್ತಾರೆ. 404 ಬಂದರೂ 500 ಬಂದರೂ ಕರೆಯಾಗುವುದು ‘ಆನ್‌ರೆಸ್ಪಾನ್ಸ್’. ಸರ್ವರ್ ಉತ್ತರ ಕೊಟ್ಟಿದೆ ಎಂದಷ್ಟೇ ಅದರ ಅರ್ಥ. ‘ಆನ್‌ಫೇಲ್ಯೂರ್’ ಬರುವುದು ಉತ್ತರವೇ ಸಿಗದಿದ್ದಾಗ. ಇನ್ನೊಂದು: ಓಕೆಎಚ್‌ಟಿಟಿಪಿಯ ಕಾಲ್‌ಬ್ಯಾಕ್ ಹಿನ್ನೆಲೆ ಥ್ರೆಡ್‌ನಲ್ಲಿ ಓಡುತ್ತದೆ, ಅಲ್ಲಿಂದ ಪರದೆ ಮುಟ್ಟಿದರೆ ಆಪ್ ಬೀಳುತ್ತದೆ. ಆಂಡ್ರಾಯ್ಡ್‌ನಲ್ಲಿ ರೆಟ್ರೋಫಿಟ್‌ನ ಕಾಲ್‌ಬ್ಯಾಕ್ ಮುಖ್ಯ ಥ್ರೆಡ್‌ಗೇ ಬರುತ್ತದೆ. ಓಕೆಎಚ್‌ಟಿಟಿಪಿಯ ಉತ್ತರವನ್ನು ಓದಿದ ಮೇಲೆ ಮುಚ್ಚಬೇಕು. ಲಾಗ್‌ನಲ್ಲಿ ‘ಕನೆಕ್ಷನ್ ಲೀಕ್ ಆಗಿದೆ’ ಎಂಬ ಎಚ್ಚರಿಕೆ ಕಂಡರೆ ಎಲ್ಲೋ ಮುಚ್ಚುವುದು ಬಿಟ್ಟುಹೋಗಿದೆ.

ರೆಟ್ರೋಫಿಟ್‌ನ ಸಸ್ಪೆಂಡ್ ಫಂಕ್ಷನ್ ಮಾಹಿತಿಯನ್ನೇ ಹಿಂದಿರುಗಿಸುವಂತೆ ಬರೆದರೆ 200ರಿಂದ 299ರ ಹೊರಗಿನ ಪ್ರತಿ ಕೋಡ್‌ಗೂ ಎಚ್‌ಟಿಟಿಪಿ ಎಕ್ಸೆಪ್ಶನ್ ಬರುತ್ತದೆ. ‘ರೆಸ್ಪಾನ್ಸ್’ ಹೊದಿಕೆಯೊಂದಿಗೆ ಬರೆದರೆ ಬರುವುದಿಲ್ಲ, ಕೋಡ್ ಮತ್ತು ಹೆಡರ್ ಎರಡೂ ಕೈಗೆ ಸಿಗುತ್ತವೆ. ಎರಡನೆಯದನ್ನೇ ಆರಿಸಿಕೊಳ್ಳಿ, ಹಂತ 9ರಲ್ಲಿ ಹೆಡರ್ ಬೇಕಾಗುತ್ತದೆ.

204 ಬಂದರೆ ಬಾಡಿ ನಲ್ (ಏನೂ ಇಲ್ಲ) ಆಗಿರುತ್ತದೆ. ಅದು ಯಶಸ್ಸು, ನಮ್ಮ ಪಟ್ಟಿಯಲ್ಲಿ ‘ಖಾಲಿ’. 400 ಮತ್ತು 422 ಎಂದರೆ ಕಳಿಸಿದ ಮಾಹಿತಿಯಲ್ಲೇ ದೋಷ, ಹಾಗೇ ಮತ್ತೆ ಕಳಿಸಿ ಪ್ರಯೋಜನವಿಲ್ಲ. 401 ಟೋಕನ್‌ಗೆ ಸಂಬಂಧಿಸಿದ್ದು. 403 ಎಂದರೆ ಗುರುತು ಸರಿಯಿದೆ, ಅಧಿಕಾರ ಇಲ್ಲ. ಇದಕ್ಕೆ ಲಾಗ್‌ಔಟ್ ಮಾಡಿಸಬೇಡಿ. 409 ಎಂದರೆ ಈಗಿರುವ ದಾಖಲೆಯೊಂದಿಗೆ ಘರ್ಷಣೆ, ಉದಾಹರಣೆಗೆ ಅದೇ ಮಾಲು ಆಗಲೇ ನೋಂದಣಿಯಾಗಿದೆ. 429 ಎಂದರೆ ಅತಿಯಾಗಿ ಕೇಳುತ್ತಿದ್ದೀರಿ. 500ರಿಂದ ಮೇಲಿನವೆಲ್ಲ ಸರ್ವರ್ ಕಡೆಯ ತೊಂದರೆ.

ಯಶಸ್ವಿಯಾಗದ ಉತ್ತರದ ವಿವರ ಇರುವುದು ಎರರ್‌ಬಾಡಿಯಲ್ಲಿ, ಬಾಡಿಯಲ್ಲಿ ಅಲ್ಲ. ಅದನ್ನು ಒಂದೇ ಸಲ ಓದಬಹುದು, ಎರಡನೇ ಸಲ ಖಾಲಿ ಸಿಗುತ್ತದೆ. ಲಾಗ್ ಮಾಡಲು ಒಮ್ಮೆ, ಜೇಸನ್ ಆಗಿಸಲು ಇನ್ನೊಮ್ಮೆ ಓದುವವರು ‘ಸರ್ವರ್ ಖಾಲಿ ಕಳಿಸುತ್ತಿದೆ’ ಎಂದು ದೂರುತ್ತಾರೆ. ಒಮ್ಮೆ ಓದಿ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಅದು ಜೇಸನ್ ಆಗಿರುತ್ತದೆ ಎಂದೂ ನೆಚ್ಚಬೇಡಿ. 502, 504 ಬಂದಾಗ ಮುಂದಿರುವ ಪ್ರಾಕ್ಸಿ ಎಚ್‌ಟಿಎಂಎಲ್ ಪುಟ ಕಳಿಸುವುದು ಸಾಮಾನ್ಯ. ದೋಷದ ವಿವರ ಓದಲು ಹೋಗಿ ಆಪ್ ಬಿದ್ದರೆ ಮೂಲ ದೋಷ ಯಾವುದೆಂದು ಲಾಗ್‌ನಲ್ಲೂ ಉಳಿಯುವುದಿಲ್ಲ.

ಹಂತ 6: ಜೇಸನ್ ಓದುವುದು

ಅತಿ ಹೆಚ್ಚು ಆಪ್‌ಗಳು ಬೀಳುವುದು ಇಲ್ಲಿ, ಆದ್ದರಿಂದ ಇಲ್ಲಿ ಅವಸರ ಬೇಡ.

ಕಾಟ್ಲಿನ್‌ನಲ್ಲಿ ‘ನಲ್ ಆಗದು’ ಎಂದು ಬರೆದ ಫೀಲ್ಡ್‌ಗೂ ಜಿಸಾನ್ (ಜೇಸನ್ ಓದುವ ಇನ್ನೊಂದು ಲೈಬ್ರರಿ) ನಲ್ ತುಂಬಬಲ್ಲದು. ಅದು ಕನ್‌ಸ್ಟ್ರಕ್ಟರ್ ದಾಟಿ ವಸ್ತುವನ್ನು ಕಟ್ಟುವುದರಿಂದ, ಎಲ್ಲ ಫೀಲ್ಡ್‌ಗೂ ಪೂರ್ವನಿಯೋಜಿತ ಮೌಲ್ಯ ಕೊಡದ ಡೇಟಾ ಕ್ಲಾಸ್‌ನಲ್ಲಿ ಕೊಟ್ಟ ಕೆಲವೂ ಲೆಕ್ಕಕ್ಕೆ ಬರುವುದಿಲ್ಲ. ಆಪ್ ಬೀಳುವುದು ಓದುವಾಗ ಅಲ್ಲ, ಆಮೇಲೆ ಪರದೆಯ ಯಾವುದೋ ಮೂಲೆಯಲ್ಲಿ. ಕಾಟ್ಲಿನ್‌ಎಕ್ಸ್ ಸೀರಿಯಲೈಸೇಶನ್ ಆದರೆ ಕಡ್ಡಾಯ ಫೀಲ್ಡ್ ಇಲ್ಲದಿದ್ದಾಗ ಓದುವಾಗಲೇ ಹೇಳುತ್ತದೆ. ಆದರೆ ಗೊತ್ತಿಲ್ಲದ ಫೀಲ್ಡ್ ಬಂದರೂ ಅದು ಮುರಿಯುತ್ತದೆ. ‘ಇಗ್ನೋರ್ ಅನ್‌ನೋನ್ ಕೀಸ್’ ಆಯ್ಕೆಯನ್ನು ಮೊದಲ ದಿನವೇ ಹಚ್ಚಿಡಿ. ಇಲ್ಲದಿದ್ದರೆ ಸರ್ವರ್‌ನವರು ಒಂದು ಹೊಸ ಫೀಲ್ಡ್ ಸೇರಿಸಿದ ದಿನ ಹಳೆಯ ಆವೃತ್ತಿಯ ಎಲ್ಲ ಫೋನ್‌ಗಳೂ ಒಟ್ಟಿಗೆ ನಿಲ್ಲುತ್ತವೆ.

ಪಿಎಚ್‌ಪಿ ಸರ್ವರ್ ಆಗಿದ್ದರೆ ಎರಡು ಕಡೆ ಕಣ್ಣಿಡಿ. ಖಾಲಿ ಅರೇ ಅಲ್ಲಿ ಚೌಕ ಆವರಣವಾಗಿ ಹೊರಬರುತ್ತದೆ. ಹಾಗಾಗಿ ಮಾಹಿತಿ ಇದ್ದ ದಿನ ಆಬ್ಜೆಕ್ಟ್, ಇಲ್ಲದ ದಿನ ಪಟ್ಟಿ! ‘ಬಿಗಿನ್ ಆಬ್ಜೆಕ್ಟ್ ನಿರೀಕ್ಷಿಸಿದ್ದೆ, ಬಿಗಿನ್ ಅರೇ ಸಿಕ್ಕಿತು’ ಎಂಬ ದೋಷ ರಜೆಯ ದಿನವೇ ಬರುತ್ತಿದ್ದರೆ ಕಾರಣ ಇದು. ಸರಿಪಡಿಸಬೇಕಾದ್ದು ಸರ್ವರ್‌ನಲ್ಲಿ. ಎರಡನೆಯದು, ಜೇಸನ್‌ಗೂ ಮೊದಲೇ ಅಚ್ಚಾಗುವ ಎಚ್ಚರಿಕೆಯ ಸಾಲು. ಕೋಡ್ 200, ಒಳಗಿರುವುದು ಎಚ್‌ಟಿಎಂಎಲ್ ಟ್ಯಾಗ್. ಲಾಡ್ಜ್, ಬಸ್ ನಿಲ್ದಾಣದ ವೈಫೈನ ಲಾಗಿನ್ ಪುಟವೂ, ಎಚ್‌ಟಿಟಿಪಿಎಸ್ ಬಳಸದ ಆಪ್‌ಗೆ, ಹೀಗೇ 200 ಹೊತ್ತು ಬರಬಹುದು.

ಇಂಥ ಹೊತ್ತಲ್ಲಿ ಜಿಸಾನ್ ‘ಲೀನಿಯೆಂಟ್ ಮಾಡಿ’ ಎಂದು ಸಲಹೆ ಕೊಡುತ್ತದೆ. ಆ ಸಲಹೆ ಪಾಲಿಸಬೇಡಿ, ಕೆಟ್ಟ ಉತ್ತರ ಒಳಗೆ ನುಸುಳುತ್ತದೆ ಅಷ್ಟೆ. ಇಲ್ಲೇ ಇನ್ನೊಂದು ಹೊಂಡವಿದೆ: ಜಿಸಾನ್‌ನ ಮಾಲ್‌ಫಾರ್ಮ್ಡ್ ಜೇಸನ್ ಎಕ್ಸೆಪ್ಶನ್ ಐಒ ಎಕ್ಸೆಪ್ಶನ್‌ನ ಮಗು. 200ರ ಜೊತೆ ಪೂರ್ತಿ ಖಾಲಿ ಬಾಡಿ ಬಂದಾಗಿನ ಇಒಎಫ್ ಎಕ್ಸೆಪ್ಶನ್ ಕೂಡ ಹಾಗೇ. ಐಒ ಎಂದರೆ ನೆಟ್‌ವರ್ಕ್ ಎಂದು ಬರೆದ ಕೋಡ್ ಸರ್ವರ್ ತಪ್ಪಿಗೆ ಬಳಕೆದಾರರ ಸಿಮ್ ಅನ್ನು ದೂಷಿಸುತ್ತದೆ.

ಬೆಲೆಯ ಫೀಲ್ಡ್‌ನಲ್ಲಿ ಅಲ್ಪವಿರಾಮ ಇರುವ ಸಂಖ್ಯೆ, ‘ಎನ್‌ಎ’ ಎಂಬ ಅಕ್ಷರ, ಖಾಲಿ ಸ್ಟ್ರಿಂಗ್ ಬರುತ್ತಿದ್ದರೆ ಆ ಫೀಲ್ಡ್ ಅನ್ನು ಸ್ಟ್ರಿಂಗ್ ಆಗಿಯೇ ತೆಗೆದುಕೊಂಡು ನಂತರ ಪರಿವರ್ತಿಸಿ. ಒಂದು ಸಾಲು ಕೆಟ್ಟರೆ ಅದೊಂದನ್ನು ಬಿಟ್ಟು ಉಳಿದ ಬಗೆಗಳನ್ನು ತೋರಿಸಲು ಸಾಧ್ಯವಾಗುತ್ತದೆ. ಗೊರಬಲಿನ ಒಂದು ಅಕ್ಷರಕ್ಕಾಗಿ ರಾಶಿಯ ಧಾರಣೆ ಮುಚ್ಚಿಹೋಗಬಾರದು.

ಕನ್ನಡ ಹೆಸರುಗಳು ವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಕಂಡರೆ ಕಂಟೆಂಟ್ ಟೈಪ್ ಹೆಡರ್ ನೋಡಿ. ಅಕ್ಷರ ಸಂಕೇತ ಪದ್ಧತಿ (ಕ್ಯಾರೆಕ್ಟರ್ ಸೆಟ್) ನಮೂದಾಗದಿದ್ದರೆ ಓಕೆಎಚ್‌ಟಿಟಿಪಿ ಯುಟಿಎಫ್-8 ಎಂದೇ ಓದುತ್ತದೆ. ತಪ್ಪಾಗಿ ನಮೂದಾಗಿದ್ದರೆ ಆ ತಪ್ಪನ್ನೇ ಪಾಲಿಸುತ್ತದೆ. ಸಮಯವನ್ನು ಸರ್ವರ್ ಯುಟಿಸಿಯಲ್ಲಿ ಕಳಿಸುತ್ತಿದ್ದರೆ ನಮ್ಮ ಬೆಳಗಿನ 5:30ರವರೆಗೆ ಅದು ಹಿಂದಿನ ದಿನಾಂಕ. ಪರಿವರ್ತಿಸದೆ ದಿನಾಂಕ ಕತ್ತರಿಸಿಕೊಳ್ಳಬೇಡಿ.

ಹಂತ 7: ಎಕ್ಸೆಪ್ಶನ್ ಹಿಡಿಯುವ ಕ್ರಮ

1. ಮೊದಲು ಕ್ಯಾನ್ಸಲೇಶನ್ ಎಕ್ಸೆಪ್ಶನ್. ಹಿಡಿದು ಮತ್ತೆ ಎಸೆಯಿರಿ. ಬಳಕೆದಾರರು ಪರದೆ ಬಿಟ್ಟು ಹೋದಾಗ ಕೊರುಟೀನ್ (ಸಸ್ಪೆಂಡ್ ಫಂಕ್ಷನ್ ಓಡುವ ಹಿನ್ನೆಲೆ ಕೆಲಸ) ನಿಲ್ಲುವುದು ಇದರಿಂದಲೇ. ‘ರನ್ ಕ್ಯಾಚಿಂಗ್’ ಇದನ್ನೂ ನುಂಗುತ್ತದೆ, ಆದ್ದರಿಂದ ನೆಟ್‌ವರ್ಕ್ ಕರೆಗೆ ಅದನ್ನು ಬಳಸಬೇಡಿ. ‘ವಿತ್ ಟೈಮ್‌ಔಟ್’ ಎಸೆಯುವುದೂ ಇದೇ ಜಾತಿಯದು. ಕಾಲಮಿತಿಯನ್ನು ಓಕೆಎಚ್‌ಟಿಟಿಪಿಗೇ ಬಿಡಿ.

2. ನಂತರ ಸೀರಿಯಲೈಸೇಶನ್ ಎಕ್ಸೆಪ್ಶನ್. ಜಿಸಾನ್ ಬಳಸುತ್ತಿದ್ದರೆ ಜೇಸನ್ ಪಾರ್ಸ್, ಮಾಲ್‌ಫಾರ್ಮ್ಡ್, ಇಒಎಫ್ ಮೂರೂ ಇಲ್ಲಿ. ಫಲಿತಾಂಶ ‘ಓದಲಾಗಲಿಲ್ಲ’.

3. ಆಮೇಲೆ ಎಸ್‌ಎಸ್‌ಎಲ್ ಎಕ್ಸೆಪ್ಶನ್. ಫೋನಿನ ದಿನಾಂಕ ತಪ್ಪಿದ್ದರೂ, ಸರ್ವರ್ ಮಧ್ಯದ ಪ್ರಮಾಣಪತ್ರ ಕಳಿಸದಿದ್ದರೂ ಇದು ಬರುತ್ತದೆ. ಬ್ರೌಸರ್‌ನಲ್ಲಿ ತೆರೆದುಕೊಂಡು ಆಪ್‌ನಲ್ಲಿ ತೆರೆದುಕೊಳ್ಳದಿದ್ದರೆ ಎರಡನೆಯದರ ಸಂಶಯ ಹೆಚ್ಚು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನ್‌ಗಳಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಐಎಸ್‌ಆರ್‌ಜಿ ರೂಟ್ ಎಕ್ಸ್1 ಇಲ್ಲ. ಎಲ್ಲ ಪ್ರಮಾಣಪತ್ರವನ್ನೂ ಒಪ್ಪುವ ಕೋಡ್ ಅಂಟಿಸಿ ಇದನ್ನು ‘ಸರಿ’ ಮಾಡಬೇಡಿ, ಆಗ ಯಾರು ಬೇಕಾದರೂ ನಡುವೆ ಕುಳಿತು ಓದಬಹುದು.

4. ಕೊನೆಗೆ ಉಳಿದ ಐಒ ಎಕ್ಸೆಪ್ಶನ್‌ಗಳು. ಫಲಿತಾಂಶ ‘ತಲುಪಲಿಲ್ಲ’.

ಇವುಗಳಾಚೆ ಬರಿಯ ‘ಎಕ್ಸೆಪ್ಶನ್’ ಹಿಡಿಯಬೇಡಿ. ಅಲ್ಲಿ ಬರುವುದು ನಿಮ್ಮದೇ ಕೋಡಿನ ದೋಷ, ಅದು ಪರೀಕ್ಷೆಯಲ್ಲಿ ಕಾಣಲೇಬೇಕು.

ಹಂತ 8: 401 ಬಂದಾಗ

ಓಕೆಎಚ್‌ಟಿಟಿಪಿಯ ಅಥೆಂಟಿಕೇಟರ್‌ನಲ್ಲಿ (401 ಬಂದಾಗ ತಾನಾಗಿ ಓಡುವ ಭಾಗ) ಟೋಕನ್ ನವೀಕರಿಸಿ. ಏಕಕಾಲಕ್ಕೆ ನಾಲ್ಕು ಕರೆ 401 ತಂದರೆ ನಾಲ್ಕು ನವೀಕರಣ ಆಗಬಾರದು. ಬೀಗ ಹಾಕಿ, ಒಳಗೆ ಬಂದ ಮೇಲೆ ಸೋತ ಕರೆಯಲ್ಲಿದ್ದ ಟೋಕನ್ನೂ ಈಗ ಉಳಿಸಿಟ್ಟ ಟೋಕನ್ನೂ ಬೇರೆಯೇ ಎಂದು ನೋಡಿ. ಬೇರೆ ಇದ್ದರೆ ಆಗಲೇ ಯಾರೋ ನವೀಕರಿಸಿದ್ದಾರೆ, ಹೊಸದನ್ನು ಹಚ್ಚಿ ಕಳಿಸಿ. ನವೀಕರಣದ ಕರೆಗೆ ಅಥೆಂಟಿಕೇಟರ್ ಇಲ್ಲದ ಬೇರೆ ಕ್ಲೈಂಟ್ ಬಳಸಿ, ಇಲ್ಲದಿದ್ದರೆ ತನ್ನನ್ನೇ ಕರೆದುಕೊಳ್ಳುತ್ತದೆ. ಹೊಸ ಟೋಕನ್‌ಗೂ 401 ಬಂದರೆ ನಲ್ ಹಿಂದಿರುಗಿಸಿ ಅಲ್ಲಿಗೆ ನಿಲ್ಲಿಸಿ.

ಲಾಗ್‌ಔಟ್ ಮಾಡಿಸುವುದು ಸರ್ವರ್ ನವೀಕರಣವನ್ನು ಸ್ಪಷ್ಟವಾಗಿ ನಿರಾಕರಿಸಿದಾಗ ಮಾತ್ರ. ನವೀಕರಣದ ಕರೆ ನೆಟ್‌ವರ್ಕ್ ಇಲ್ಲದೆ ಸೋತರೆ ಲಾಗ್‌ಔಟ್ ಮಾಡಿಸಬಾರದು. ಆಗುಂಬೆ ದಾರಿಯಲ್ಲಿ ಸಿಗ್ನಲ್ ಹೋದ ಬೆಳೆಗಾರನಿಗೆ ಆಪ್ ಒಟಿಪಿ ಕೇಳಿದರೆ, ಒಟಿಪಿ ಬರುವುದಕ್ಕೂ ಅದೇ ಸಿಗ್ನಲ್ ಬೇಕು.

ಹಂತ 9: ಮತ್ತೆ ಪ್ರಯತ್ನ ಯಾವಾಗ

ಗೆಟ್ ಕರೆಯನ್ನು ‘ತಲುಪಲಿಲ್ಲ’, 502, 503, 504 ಬಂದಾಗ ಮತ್ತೆ ಮಾಡಬಹುದು. 1, 2, 4 ಸೆಕೆಂಡ್ ಅಂತರದಲ್ಲಿ ಗರಿಷ್ಠ ಮೂರು ಸಲ ಸಾಕು. ಪ್ರತಿ ಅಂತರಕ್ಕೂ ಒಂದಿಷ್ಟು ಯಾದೃಚ್ಛಿಕ ವಿಳಂಬ ಸೇರಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮತ್ತೆ ಜೀವ ಪಡೆದಾಗ ಊರಿನ ಎಲ್ಲ ಫೋನ್‌ಗಳೂ ಒಂದೇ ಕ್ಷಣಕ್ಕೆ ಕೇಳಬಾರದು. 429 ಅಥವಾ 503ರ ಜೊತೆ ರಿಟ್ರೈ ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಕಾಯಿರಿ.

ಪೋಸ್ಟ್ ವಿಷಯ ಬೇರೆ. ಕಾಲಮಿತಿ ಮೀರಿತು ಎಂದರೆ ಉತ್ತರ ಬರಲಿಲ್ಲ ಎಂದಷ್ಟೇ ಗೊತ್ತು, ಸರ್ವರ್ ನೋಂದಾಯಿಸಿಕೊಂಡಿರಬಹುದು. ಮತ್ತೆ ಕಳಿಸಿದರೆ ಒಂದೇ ಮಾಲು ಎರಡು ಸಲ ದಾಖಲಾಗುತ್ತದೆ. ಫಾರ್ಮ್ ಒತ್ತಿದ ಕ್ಷಣ ಫೋನಿನಲ್ಲೇ ಒಂದು ಯುಯುಐಡಿ (ಬೇರಾವುದಕ್ಕೂ ಇಲ್ಲದ ಗುರುತಿನ ಸಂಕೇತ) ಮಾಡಿ, ಪ್ರತಿ ಪ್ರಯತ್ನದಲ್ಲೂ ಅದನ್ನೇ ಕಳಿಸಿ. ಅದೇ ಗುರುತು ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡಲಿ. ಈ ಒಪ್ಪಂದ ಸರ್ವರ್‌ನವರೊಂದಿಗೆ ಆಗದಿದ್ದರೆ ಪೋಸ್ಟ್ ಅನ್ನು ತಾನಾಗಿ ಮರುಕಳಿಸಬೇಡಿ.

ನೆಟ್ ಬಂದ ಮೇಲೆ ಕಳಿಸಬೇಕಾದ ನೋಂದಣಿಯನ್ನು ರೂಮ್‌ನಲ್ಲಿ ಬರೆದು ವರ್ಕ್‌ಮ್ಯಾನೇಜರ್‌ಗೆ (ಹಿನ್ನೆಲೆಯ ಕೆಲಸ ನಿಭಾಯಿಸುವ ಆಂಡ್ರಾಯ್ಡ್ ಲೈಬ್ರರಿ) ಒಪ್ಪಿಸಿ, ನೆಟ್‌ವರ್ಕ್ ಇರಬೇಕೆಂಬ ಷರತ್ತು ಹಾಕಿ. ಅದರ ಮರುಪ್ರಯತ್ನದ ಅಂತರ ಪೂರ್ವನಿಯೋಜಿತವಾಗಿ 30 ಸೆಕೆಂಡಿನಿಂದ ಶುರುವಾಗಿ ಹೆಚ್ಚುತ್ತ ಹೋಗುತ್ತದೆ, 10 ಸೆಕೆಂಡಿಗಿಂತ ಕಡಿಮೆ ಮಾಡಲು ಬಾರದು.

ಹಂತ 10: ಪರದೆಗೆ ತರುವುದು

ಪರದೆ ಓದಬೇಕಾದ್ದು ರೂಮ್‌ನಿಂದ. ಸರ್ವರ್‌ನಿಂದ ಸಿಕ್ಕಿದ್ದು ರೂಮ್‌ಗೆ ಹೋಗಲಿ. ಕರೆ ಸೋತರೂ ಹಿಂದಿನ ಧಾರಣೆ ಉಳಿದಿರುತ್ತದೆ, ಅದರ ಮೇಲೆ ಅದು ಯಾವ ದಿನದ, ಎಷ್ಟು ಗಂಟೆಯ ಧಾರಣೆ ಎಂದು ಸ್ಪಷ್ಟವಾಗಿ ಬರೆಯಿರಿ. ಸಮಯ ಹಾಕದೆ ಹಳೆಯ ಬೆಲೆ ತೋರಿಸುವುದು ಬೆಲೆ ತೋರಿಸದಿರುವುದಕ್ಕಿಂತ ಕೆಟ್ಟದ್ದು. ಅದನ್ನು ನಂಬಿ ಮಾಲು ಹೇರಿಕೊಂಡು ಬರುವವರಿದ್ದಾರೆ.

ಆಯಾ ಬಗೆಗೆ ತಕ್ಕ ಮಾತು ಬರೆಯಿರಿ. ತಲುಪಲಿಲ್ಲ: ‘ನೆಟ್‌ವರ್ಕ್ ಸಿಗುತ್ತಿಲ್ಲ. ಹಿಂದಿನ ಧಾರಣೆ ತೋರಿಸುತ್ತಿದ್ದೇವೆ.’ ಸರ್ವರ್ ತೊಂದರೆ ಮತ್ತು ಓದಲಾಗಲಿಲ್ಲ: ‘ನಮ್ಮ ಕಡೆ ತೊಂದರೆಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ.’ ಖಾಲಿ: ‘ಈ ದಿನದ ಧಾರಣೆ ಬಂದಿಲ್ಲ.’ ಸರ್ವರ್ ಕಳಿಸಿದ ಇಂಗ್ಲಿಷ್ ಸಾಲನ್ನು ಹಾಗೇ ತೋರಿಸಬೇಡಿ. ಸರ್ವರ್ ಒಂದು ಸಂಕೇತ ಕೊಡಲಿ, ಕನ್ನಡದ ಮಾತು ಆಪ್‌ನ ಸ್ಟ್ರಿಂಗ್ಸ್ ಫೈಲ್‌ನಲ್ಲಿರಲಿ.

ಹಂತ 11: ಕೆಡಿಸಿ ನೋಡಿ

ಹಂತ 1ರಲ್ಲಿ ಉಳಿಸಿದ ಫೈಲ್‌ಗಳನ್ನು ಮಾಕ್‌ವೆಬ್‌ಸರ್ವರ್‌ಗೆ ಕೊಟ್ಟು ಪ್ರತಿಯೊಂದಕ್ಕೂ ಯಾವ ಬಗೆಯ ಫಲಿತಾಂಶ ಬರಬೇಕೆಂದು ಪರೀಕ್ಷೆ ಬರೆಯಿರಿ. ಅವುಗಳ ಜೊತೆ ಇವೂ ಇರಲಿ: 200ರ ಜೊತೆ ಖಾಲಿ ಬಾಡಿ, 200ರ ಜೊತೆ ಎಚ್‌ಟಿಎಂಎಲ್, 500ರ ಜೊತೆ ಎಚ್‌ಟಿಎಂಎಲ್, ಅರ್ಧಕ್ಕೆ ಕಡಿದ ಸಂಪರ್ಕ, ಉತ್ತರವೇ ಕೊಡದ ಸರ್ವರ್, ತುಣುಕು ತುಣುಕಾಗಿ ನಿಧಾನಕ್ಕೆ ಬರುವ ಉತ್ತರ. ನಂತರ ಎಮ್ಯುಲೇಟರ್‌ನ ಸೆಲ್ಯುಲಾರ್ ಸೆಟ್ಟಿಂಗ್‌ನಲ್ಲಿ ಎಡ್ಜ್ ಆರಿಸಿ ಓಡಿಸಿ. ಸಾಧ್ಯವಾದರೆ ನಿಜವಾದ ಫೋನನ್ನು ತೀರ್ಥಹಳ್ಳಿ, ಆಗುಂಬೆ ಕಡೆಯ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ. ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಕರೆ ನಡುವೆ ಕಡಿಯುವ ರೀತಿ ಏರ್‌ಪ್ಲೇನ್ ಮೋಡ್ ಒತ್ತಿದಾಗಿನ ರೀತಿಗಿಂತ ಬೇರೆ.

ಇದೆಲ್ಲವನ್ನೂ ರಿಲೀಸ್ ಬಿಲ್ಡ್‌ನಲ್ಲಿ ಇನ್ನೊಮ್ಮೆ ಮಾಡಿ. ರಿಲೀಸ್ ಬಿಲ್ಡ್‌ನ ಕೋಡ್ ಕುಗ್ಗಿಸುವ ಆರ್8 ಎಂಬ ಸಾಧನ ಫೀಲ್ಡ್‌ಗಳ ಹೆಸರು ಬದಲಿಸುವುದರಿಂದ, ಸೀರಿಯಲೈಸ್ಡ್ ನೇಮ್ ಹಚ್ಚದ ಜಿಸಾನ್ ಮಾಡೆಲ್‌ಗಳು ಡೀಬಗ್‌ನಲ್ಲಿ ತುಂಬಿಕೊಂಡು ರಿಲೀಸ್‌ನಲ್ಲಿ ಎಲ್ಲ ನಲ್ ಆಗುತ್ತವೆ. ‘ಕ್ಲಾಸ್ ಅನ್ನು ಪ್ಯಾರಾಮೀಟರೈಸ್ಡ್ ಟೈಪ್ ಆಗಿ ಬದಲಿಸಲಾಗದು’ ಎಂಬ ದೋಷ ರಿಲೀಸ್‌ನಲ್ಲಿ ಮಾತ್ರ ಬಂದರೆ ರೆಟ್ರೋಫಿಟ್ ಅಪ್‌ಡೇಟ್ ಮಾಡಿ, ಇಲ್ಲವೇ ಅದಕ್ಕೆ ಬೇಕಾದ ಕೀಪ್ ನಿಯಮಗಳನ್ನು ಸೇರಿಸಿ. ಪ್ಲೇ ಸ್ಟೋರ್‌ಗೆ ಹಾಕುವ ಮುನ್ನ ಅದೇ ಬಿಲ್ಡ್ ಅನ್ನು ಆಂತರಿಕ ಪರೀಕ್ಷೆಯ ಟ್ರ್ಯಾಕ್‌ನಲ್ಲಿ ಬಿಟ್ಟು, ಬೇರೆ ಬೇರೆ ಸಿಮ್ ಇರುವ ನಾಲ್ಕೈದು ಜನರ ಕೈಗೆ ಕೊಡಿ. ಅವರಲ್ಲಿ ಒಬ್ಬರಾದರೂ ಶಿವಮೊಗ್ಗ ಪೇಟೆಯ ಹೊರಗಿರಲಿ.